ಜೊಂಪಿನ ಹೊತ್ತಿಗೆ ಕುದಿಯುವ ಕಾರು

ನನ್ನ ಶೆಡ್ಡಿಗೆ ಬಂದು ಹೋದ ಗಾಡಿ ಅದೇ ಕಾಯಿಲೆ ಹೊತ್ತುಕೊಂಡು ಇನ್ನೊಮ್ಮೆ ಬಂದದ್ದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಬೇಕಾದರೆ ಸೇತುವೆ ಪಕ್ಕದ ಟೀ ಅಂಗಡಿಯ ಹನೀಫಣ್ಣನನ್ನು ಕೇಳಿ. ಸರಿ, ಜಂಬಕ್ಕೇ ಹೇಳುತ್ತಿದ್ದೇನೆ ಅಂತಲೇ ಇಟ್ಟುಕೊಳ್ಳಿ. ಇಪ್ಪತ್ತೆರಡು ವರ್ಷ ಗ್ರೀಸಿನಲ್ಲಿ ಕೈ ಅದ್ದಿದ ಹೆಂಗಸಿಗೆ ಅಷ್ಟೂ ಜಂಬ ಬೇಡವೇ? ಆದರೆ ಬಡಗಿ ವೀರಭದ್ರಾಚಾರ್ರ ಹಳೇ ಬಿಳಿ ಕಾರು ಆ ಬೇಸಿಗೆಯಲ್ಲಿ ನಾಲ್ಕು ಸಲ ಬಂತು. ನಾಲ್ಕು ಸಲವೂ ಒಂದೇ ದೂರು.

"ರೇವಕ್ಕ, ಓಡುವಾಗ ಏನೂ ಇಲ್ಲ. ಜೊಂಪಿನಲ್ಲಿ ನಿಂತ್ರೆ ಸಾಕು, ಎಂಜಿನ್ ಕುದಿಯುತ್ತೆ."

ನಮ್ಮೂರಿನಲ್ಲಿ ಹೋಳಿ ಹುಣ್ಣಿಮೆ ಕಳೆದ ಮೇಲೆ ಮೊದಲ ಮಳೆ ಬೀಳುವ ತನಕ, ದಿನಾ ಮಧ್ಯಾಹ್ನ ಮೂರರ ಸುಮಾರಿಗೆ, ಸೇತುವೆಯಿಂದ ಗಡಿಯಾರ ಕಂಬದವರೆಗಿನ ಪೇಟೆ ಬೀದಿಗೆ ಜೊಂಪು ಇಳಿಯುತ್ತದೆ. ಮೊದಲು ತಂತಿ ಮೇಲಿನ ಕಾಗೆಗಳು ಸುಮ್ಮನಾಗುತ್ತವೆ. ಆಮೇಲೆ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆಯ ವಾಸನೆ ಬರುತ್ತದೆ. ಹೂ ಕಟ್ಟುವವಳ ಬೆರಳು ದಾರದ ಗಂಟಿನಲ್ಲೇ ನಿಲ್ಲುತ್ತದೆ, ಎಮ್ಮೆಗಳು ನಡುರಸ್ತೆಯಲ್ಲಿ ನಿಂತಲ್ಲೇ ರೆಪ್ಪೆ ಮುಚ್ಚುತ್ತವೆ, ಟ್ರಾಫಿಕ್ ಪೊಲೀಸಿನವನು ಎತ್ತಿದ ಕೈ ಇಳಿಸದೆ ಹಾಗೇ ಗೊರಕೆ ಹೊಡೆಯುತ್ತಾನೆ. ಬಸ್ಸು, ಲಾರಿ, ಆಟೋ, ಕಾರು ಎಲ್ಲವೂ ಇದ್ದಲ್ಲೇ. ಡ್ರೈವರುಗಳು ಗೇರು ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗಿನ ಮೇಲೆ ಹಣೆ ಇಡುತ್ತಾರೆ. ಇಪ್ಪತ್ತು ನಿಮಿಷ. ಸೇತುವೆಯ ತುದಿಯಲ್ಲಿ ಪುರಸಭೆಯವರು ಬೋರ್ಡು ಬರೆಸಿದ್ದಾರೆ: ಹಾರ್ನ್ ಮಾಡಬೇಡಿ, ಎಂಜಿನ್ ಆರಿಸಬೇಡಿ.

ಹಾರ್ನಿನ ಮಾತು ಯಾರಿಗೂ ಗೊತ್ತಾಗುವಂಥದ್ದು. ಎಂಜಿನ್ ಯಾಕೆ ಆರಿಸಬಾರದು ಅಂದರೆ, ತೂಗುವ ತೊಟ್ಟಿಲು ನಿಂತ ಕೂಡಲೇ ಮಗು ಎಚ್ಚರಾಗುವ ಹಾಗೆ, ಕಾಲಡಿಯ ಅದುರು ನಿಂತರೆ ಜೊಂಪು ಹರಿದು ಹೋಗುತ್ತದೆ. ಅಂಗಡಿ ಕಟ್ಟೆಯ ಮೇಲೆ ಕೂತವರಿಗೂ ಜೊಂಪು ಬರುತ್ತದೆ, ಆದರೆ ಅದು ತೆಳು. ಆಳವಾದದ್ದು ಬೇಕೆಂದರೆ ಗಾಡಿಯೊಳಗೇ ಕೂರಬೇಕು, ಅದೂ ಸ್ವಂತ ಗಾಡಿಯಲ್ಲಿ. ಬೇರೆಯವರ ಗಾಡಿಯಲ್ಲಿ ಕೂತರೆ ಬೇರೆಯವರ ಕನಸೇ ಬೀಳುತ್ತದೆ. ಹನೀಫಣ್ಣ ಒಮ್ಮೆ ಬಾಡಿಗೆ ಆಟೋದಲ್ಲಿ ಸಿಕ್ಕಿಕೊಂಡು, ಇಪ್ಪತ್ತು ನಿಮಿಷ ಆಟೋದವನ ಅತ್ತೆಯ ಕೈಲಿ ಬೈಸಿಕೊಂಡು ಬಂದಿದ್ದ.

ಅದಕ್ಕೇ ನಮ್ಮೂರಿನ ಜನ ಕೆಲಸವಿಲ್ಲದಿದ್ದರೂ ಎರಡೂವರೆಗೆ ಗಾಡಿ ತೆಗೆದು ಪೇಟೆ ಬೀದಿಗೆ ನುಗ್ಗುತ್ತಾರೆ. ಬೇರೆ ಊರುಗಳಲ್ಲಿ ಟ್ರಾಫಿಕ್ ತಪ್ಪಿಸಿಕೊಂಡು ಹೋಗುತ್ತಾರಂತೆ. ನಾನು ಮಾತ್ರ ಜೊಂಪಿನ ಗೊಡವೆಗೆ ಹೋದವಳಲ್ಲ. ನನ್ನ ಶೆಡ್ಡು ಸೇತುವೆಯ ಈಚೆಗಿದೆ, ಹಗಲು ನಿದ್ದೆ ನನಗೆ ಆಗಿಬರುವುದಿಲ್ಲ, ಮೂರು ಗಂಟೆ ಅಂದರೆ ನನಗೆ ಕೈತುಂಬಾ ಕೆಲಸದ ಹೊತ್ತು.

ಮೊದಲ ಸಲ ಕಾರು ಬಂದಾಗ ನಾನು ನಕ್ಕುಬಿಟ್ಟಿದ್ದೆ. ರೇಡಿಯೇಟರಿನ ಮುಚ್ಚಳದ ರಬ್ಬರು ಸತ್ತಿತ್ತು, ಹೊಸದು ಹಾಕಿ ಕಳಿಸಿದೆ. ಎರಡು ದಿನಕ್ಕೆ ಆಚಾರ್ರು ಒದ್ದೆ ಟವೆಲಿನಲ್ಲಿ ಕೈ ಸುತ್ತಿಕೊಂಡು ವಾಪಸ್ ಬಂದರು, ಹಬೆ ತಾಗಿ ಬೊಬ್ಬೆ ಎದ್ದಿತ್ತು. ರೇಡಿಯೇಟರು ಕಳಚಿ ನೋಡಿದರೆ ಜಾಲಿಯ ತುಂಬ ಬೂರುಗದ ಹತ್ತಿ, ಸತ್ತ ಮಿಡತೆ. ನೀರು ಹೊಡೆದು ತೊಳೆದು, ತಳದ ಕೆಸರು ತೆಗೆದು ಜೋಡಿಸಿದೆ. ಮತ್ತೆ ಬಂದರು. ಎಂಜಿನ್ನಿಗೆ ನೀರು ಬಿಡುವ ವಾಲ್ವನ್ನು ಪಾತ್ರೆಯಲ್ಲಿ ಕುದಿಸಿ ನೋಡಿದೆ, ಸಮಕ್ಕೆ ಬಾಯಿ ತೆರೆಯಿತು. ಆದರೂ ಬದಲಿಸಿದೆ. ಬೆಲ್ಟು ಬಿಗಿ ಮಾಡಿದೆ. ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಿ ನೀರಿನಲ್ಲಿ ಗುಳ್ಳೆ ಬರುತ್ತದೋ ನೋಡಿದೆ, ಬರಲಿಲ್ಲ. ನನ್ನ ಶೆಡ್ಡಿನಲ್ಲಿ ಒಂದು ಗಂಟೆ ನಿಂತಲ್ಲೇ ಓಡಿಸಿದರೂ ಅದರ ಬಿಸಿ ತೋರಿಸುವ ಮುಳ್ಳು ನಡುಗೆರೆ ದಾಟುತ್ತಿರಲಿಲ್ಲ. ಬಿಸಿ ಏರುತ್ತಿದ್ದಂತೆ ಫ್ಯಾನು ಭರ್ರೋ ಎಂದು ತಿರುಗುತ್ತಿತ್ತು, ಮುಳ್ಳು ಕೆಳಗಿಳಿಯುತ್ತಿತ್ತು, ಫ್ಯಾನು ನಿಲ್ಲುತ್ತಿತ್ತು. ಕಾಯಿಲೆಯೇ ಇಲ್ಲ! ಸೇತುವೆ ದಾಟಿ ಜೊಂಪಿನಲ್ಲಿ ನಿಂತರೆ ಮಾತ್ರ ಕುದಿಯುತ್ತದೆ ಅಂದರೆ ಏನು ಹೇಳಲಿ? ಹೋಗಿ ನೋಡೋಣವೆಂದರೆ ಕುದಿಯುವ ಹೊತ್ತಿಗೆ ನೋಡುವವರೂ ನಿದ್ದೆ ಹೋಗಿರುತ್ತಾರೆ. ನನಗೆ ತಲೆ ಕೆಟ್ಟುಹೋಯಿತು.

ನಾಲ್ಕನೇ ಸಲ ಬಂದಾಗ ಹನೀಫಣ್ಣ ಟೀ ಕೊಡುತ್ತಾ, "ಏನಕ್ಕ, ಆಚಾರ್ರ ಕಾರು ನಿನ್ನ ಶೆಡ್ಡಲ್ಲೇ ಸಂಸಾರ ಹೂಡೋ ಹಂಗಿದೆ" ಅಂದ. ನಾನು ಸ್ಪ್ಯಾನರನ್ನು ಡಬ್ಬಿಗೆ ಎಸೆದ ರಭಸಕ್ಕೆ ಅವನು ಗ್ಲಾಸು ಬಿಟ್ಟು ಓಡಿದ.

ಅವತ್ತು ಆಚಾರ್ರ ಜೊತೆ ಅವರ ಹೆಂಡತಿ ಕಾಳಮ್ಮನೂ ಬಂದಿದ್ದರು. ನೀಲಿ ಸೀರೆ, ಎತ್ತಿದ ಗದ್ದ, ಎಲ್ಲೋ ದೂರಕ್ಕೆ ನೆಟ್ಟ ಕಣ್ಣು. ಅವರಿಗೆ ಕಣ್ಣು ಹೋಗಿ ಹನ್ನೊಂದು ವರ್ಷವಾಗಿತ್ತು. ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ಲೋಟ ಕೆಳಗಿಟ್ಟು ಕೇಳಿದರು, "ನಿಜ ಹೇಳು ರೇವಾ. ಈ ಗಾಡಿ ಆಗುತ್ತೋ ಇಲ್ವೋ?"

"ಇನ್ನೊಂದೆರಡು ಸಲ ಹಿಂಗೇ ಕುದಿದ್ರೆ ಎಂಜಿನ್ನಿನ ತಲೆ ಸೊಟ್ಟಗಾಗುತ್ತೆ ಅಮ್ಮ. ಆಮೇಲೆ ಗುಜರಿಗೇ."

ಅವರ ಮುಖ ಸಪ್ಪಗಾಯಿತು. ಆಚಾರ್ರು ಹೊರಗೆ ಬೀಡಿ ಸೇದುತ್ತಿದ್ದರು. ಕಾಳಮ್ಮ ದನಿ ತಗ್ಗಿಸಿ ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅವರಿಗೆ ಜೊಂಪಿನಲ್ಲಿ ಕಣ್ಣು ಕಾಣುತ್ತಿತ್ತು. ಒಂದು ಓಣಿ. ತವರುಮನೆಯ ಹೊಸಿಲಿನಿಂದ ಶುರು, ಒಂದೊಂದು ಮನೆ ದಾಟಿದರೆ ಒಂದೊಂದು ವರ್ಷ. ಕೆಂಪು ಲಂಗ, ಸುಣ್ಣ ಬಳಿದ ಗೋಡೆ, ಮದುವೆಯ ಚಪ್ಪರ, ಮರ ಹೆರೆಯುವ ಗಂಡ. ಎಲ್ಲರ ಕನಸೂ ನಮ್ಮೂರಿನಲ್ಲಿ ಹಾಗೇ ನಡೆಯುವುದು. ಹಳೆಯದರಿಂದ ಹೊರಟು, ಇಪ್ಪತ್ತನೇ ನಿಮಿಷಕ್ಕೆ ಇವತ್ತಿಗೆ ಬಂದು, ತಾವು ಕೂತ ಗಾಡಿಯನ್ನೂ ಪಕ್ಕದಲ್ಲಿರುವವರನ್ನೂ ಒಮ್ಮೆ ಕಂಡು, ಆಮೇಲೇ ಎಚ್ಚರ.

"ಇವರು ಈ ಗಾಡಿ ತಗೊಂಡಿದ್ದೇ ಅದಕ್ಕೆ. ಮೂರು ಬೇಸಿಗೆ ಆಯ್ತು. ಒಂದು ದಿನವೂ ಓಣಿ ಪೂರ್ತಿ ಮಾಡಿಲ್ಲ ನಾನು. ಕಣ್ಣು ಹೋದ ವರ್ಷದ ಮನೆ ಹತ್ರ ಬರ್ತೀನಿ, ಏನೋ ಸದ್ದಾಗಿ ಎಚ್ಚರ ಆಗಿಬಿಡುತ್ತೆ. ಅದೊಂದು ತಿರುವು ದಾಟಿದ್ರೆ ಇವತ್ತಿನದು. ನನಗೆ ಇವರ ಮುಖ ನೋಡ್ಬೇಕು ರೇವಾ. ಆಗಿನದಲ್ಲ, ಈಗಿನದು. ಒಂದೇ ಒಂದ್ಸಲ ಸಾಕು."

ಆಚೆ ಗುಡ್ಡದ ಮೇಲೆ ಆಗಲೇ ಮೋಡ ಬಂದು ಹೋಗಿ ಮಾಡುತ್ತಿದ್ದವು. ಒಂದು ಮಳೆ ಬಿದ್ದರೆ ಆ ವರ್ಷದ ಜೊಂಪು ಮುಗಿಯಿತು, ಮುಂದಿನ ಬೇಸಿಗೆಗೆ ಈ ಎಂಜಿನ್ ಇರುವುದಿಲ್ಲ. "ನಾಳೆ ನಾನೂ ನಿಮ್ಮ ಜೊತೆ ಬರ್ತೀನಿ" ಅಂದುಬಿಟ್ಟೆ.

ನಿದ್ದೆ ಹೋಗುವುದು ಖಂಡಿತ ಅಂತ ಗೊತ್ತಿದ್ದದ್ದರಿಂದ, ನನ್ನ ಬದಲು ಎಚ್ಚರವಾಗಿರುವುದಕ್ಕೆ ಏನಾದರೂ ಬೇಕಿತ್ತು. ಕರೀ ಹೊಲಿಗೆ ದಾರದ ಒಂದು ಎಳೆ ತಗೊಂಡು ಫ್ಯಾನಿನ ಕೆಳಗಿನ ರೆಕ್ಕೆಗೂ ಅದರ ಚೌಕಟ್ಟಿಗೂ ಕಟ್ಟಿದೆ. ಫ್ಯಾನು ಒಂದು ಸುತ್ತು ತಿರುಗಿದರೂ ದಾರ ಹರಿಯಬೇಕು. ಆಚಾರ್ರಿಗೆ ಹೇಳಲಿಲ್ಲ.

ಮಾರನೆ ದಿನ ಸೇತುವೆಯ ಹತ್ತಿರ ಬರುತ್ತಿದ್ದಂತೆ ಆಚಾರ್ರು ಗಾಡಿ ಬದಿಗೆ ಹಾಕಿದರು. "ಒಂದ್ನಿಮಿಷ, ನೀರು ನೋಡಿ ಬರ್ತೀನಿ."

"ಈಗ ತಾನೇ ನಾನು ನೋಡಿದೀನಲ್ರೀ ಆಚಾರ್ರೇ! ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಅಭ್ಯಾಸ ಕಣಕ್ಕ" ಎನ್ನುತ್ತಾ ಇಳಿದೇಬಿಟ್ಟರು. ಬಾನೆಟ್ಟು ಎತ್ತಿ, ಬಗ್ಗಿ, ಏನೋ ಮಾಡಿ ಬಂದು ಕೂತರು. ನಾನು ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದೆ.

ಸೇತುವೆ ದಾಟಿದೆವು. ಮುಂದೆ ಹುಲ್ಲಿನ ಲಾರಿ, ಹಿಂದೆ ಬಸ್ಸು, ಬಲಕ್ಕೆ ಬಾಳೆಹಣ್ಣಿನ ಗಾಡಿ. ಕಾಗೆಗಳು ಸುಮ್ಮನಾದವು. ಮಡಿಸಿದ ಬಟ್ಟೆಯ ವಾಸನೆ ಬಂತು. ನಿದ್ದೆ ಬರಬಾರದೆಂದು ನಾನು ಒಂದು ಹಸಿಮೆಣಸಿನಕಾಯಿ ಕಚ್ಚಿದೆ. ಅದು ಖಾರವೆಂದು ಗೊತ್ತಾಗುವುದರೊಳಗೆ ನಾನು ಒಂದು ಓಣಿಯಲ್ಲಿ ನಡೆಯುತ್ತಿದ್ದೆ. ಹೆರೆದ ಬೀಟೆ ಮರದ ಸಿಪ್ಪೆ ಕಾಲಿಗೆ ಮೆತ್ತಗೆ ತಾಗುತ್ತಿತ್ತು. ಬಿಸಿಲು ಗೋಡೆಗಳ ಮೇಲಿಂದ ಜಾರಿ ನೆಲದ ಮೇಲೆ ಕೂತಿತ್ತು. ಒಂದು ಜಗುಲಿಯಲ್ಲಿ ಗುಂಗುರು ಕೂದಲಿನ ಹುಡುಗನೊಬ್ಬ ಹಲಗೆ ಹೆರೆಯುತ್ತಾ, ನನ್ನನ್ನು ಕಂಡು, ಹೆರೆಯುವುದನ್ನು ಮರೆತು ನಿಂತ. ನನ್ನ ಕೈಯಲ್ಲಿ ಹಸಿರು ಬಳೆಗಳಿದ್ದವು. ನನಗೆ ಬಳೆ ತೊಡುವ ಅಭ್ಯಾಸವೇ ಇಲ್ಲ, ಇದು ಕಾಳಮ್ಮನ ಕೈ ಅಂತ ಗೊತ್ತಾಯಿತು. ಆ ಹುಡುಗ ಯಾರೆಂದೂ ಗೊತ್ತಾಯಿತು. ಅಯ್ಯೋ, ಈ ಆಚಾರ್ರು ಹೀಗಿದ್ದರೇ ಅಂದುಕೊಳ್ಳುವಾಗ ಓಣಿಯ ತುದಿಯಲ್ಲಿ ಯಾರೋ ಬುಸ್ಸೆಂದರು.

ಕಣ್ಣು ಬಿಟ್ಟರೆ ಬಾನೆಟ್ಟಿನ ಸಂದಿಯಿಂದ ಹಬೆ ನುಗ್ಗುತ್ತಿತ್ತು. ಮುಳ್ಳು ಕೆಂಪು ಗೆರೆ ದಾಟಿತ್ತು. ಹದಿನಾಲ್ಕು ನಿಮಿಷ ಆಗಿತ್ತು, ಬೀದಿಯೆಲ್ಲ ಇನ್ನೂ ಮಲಗಿತ್ತು. ಹಿಂದಿನ ಸೀಟಿನಲ್ಲಿ ಕಾಳಮ್ಮ ಎದ್ದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು. ಆಚಾರ್ರು ಚಾವಿ ಆರಿಸಿ, ನನಗಿಂತ ಮೊದಲು ಇಳಿದು ಓಡಿ, ಟವೆಲಿನಲ್ಲಿ ಬಾನೆಟ್ಟು ಎತ್ತಿ ಒಳಗೆ ಕೈ ಹಾಕಿದರು. ಮೆಣಸಿನಕಾಯಿಯ ಖಾರ ಆಗ ನನ್ನ ನಾಲಿಗೆಗೆ ಹತ್ತಿತು. ಹಾ ಹೂ ಎನ್ನುತ್ತಲೇ ಇಳಿದು, ಅವರನ್ನು ಪಕ್ಕಕ್ಕೆ ತಳ್ಳಿ, ಕೆಳಗೆ ಬಗ್ಗಿ ನೋಡಿದೆ. ದಾರ ಕಟ್ಟಿದ ಹಾಗೇ ಇತ್ತು.

ಅಂದರೆ ಇಷ್ಟು ಕುದಿದರೂ ಫ್ಯಾನು ಒಂದು ಸುತ್ತೂ ತಿರುಗಿಲ್ಲ. ಕಿಟಕಿಯಿಂದ ಕೈ ಚಾಚಿ ಚಾವಿ ಒಂದು ಗಳಿಗೆ ತಿರುಗಿಸಿದೆ. ಭರ್ರೋ ಎಂದು ಫ್ಯಾನು ತಿರುಗಿ ದಾರ ಹರಿಯಿತು. ಪಕ್ಕದ ಬಾಳೆಹಣ್ಣಿನವನು ನಿದ್ದೆಯಲ್ಲೇ ಮುಲುಕಿದ. ಹೆದರಿ ಚಾವಿ ಆರಿಸಿದೆ. ಈಗ ತಿರುಗುವ ಫ್ಯಾನು ಆಗ ಯಾಕೆ ತಿರುಗಲಿಲ್ಲ? ಅದರ ವೈರಿನ ಪ್ಲಗ್ಗು ನೋಡಿದೆ. ಸುತ್ತಲೂ ಧೂಳು, ಪ್ಲಗ್ಗು ಮಾತ್ರ ದಿನಾ ಕೈಯಾಡಿ ಥಳಥಳ ಹೊಳೆಯುತ್ತಿತ್ತು. ಅದರ ಮೇಲೆ ಮರದ ವಾರ್ನಿಶ್ಶಿನ ಹೆಬ್ಬೆಟ್ಟು, ಅಚ್ಚೊತ್ತಿದ ಹಾಗೆ.

ನಾನು ತಲೆಯೆತ್ತಿ ಆಚಾರ್ರ ಕಡೆ ನೋಡಿದೆ. ಅವರು ಎರಡೂ ಕೈ ಜೋಡಿಸಿ, ಹಿಂದಿನ ಸೀಟಿನ ಕಡೆ ಕಣ್ಣು ತೋರಿಸಿ, ಬೇಡ ಬೇಡ ಅಂತ ತಲೆಯಾಡಿಸಿದರು. ನಾನು ಹಲ್ಲು ಕಚ್ಚಿ ಬೆರಳು ಆಡಿಸಿದೆ.

"ಯಾಕಿಬ್ರೂ ಸುಮ್ಮನಾದ್ರಿ?" ಒಳಗಿಂದ ಕಾಳಮ್ಮ ಕೇಳಿದರು.

"ತಣ್ಣಗಾಗ್ಲಿ ಅಂತ ಕಾಯ್ತಿದೀವಮ್ಮ" ಅಂದೆ. ಗಾಡಿಯ ವಿಚಾರದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದೇ ಇರಬೇಕು.

ಮರುದಿನ ಬೆಳಿಗ್ಗೆ ಆಚಾರ್ರು ಒಬ್ಬರೇ ಬಂದರು. ನಾನು ಬೈಗುಳ ಜೋಡಿಸಿಟ್ಟುಕೊಂಡೇ ಕೂತಿದ್ದೆ. "ನಾಲ್ಕು ಸಲ, ಆಚಾರ್ರೇ! ನಾಲ್ಕು ಸಲ ಬಿಚ್ಚಿ ಜೋಡಿಸಿದೀನಿ. ಫ್ಯಾನಿನ ವೈರು ನೀವೇ ಕಿತ್ತು, ನೀವೇ ಹಾಕಿ, ಬಾಯಿ ಮುಚ್ಕೊಂಡು ನನ್ನ ಮುಂದೆ ಬಂದು ನಿಲ್ತಿದ್ರಲ್ಲ, ನಿಮಗೇನು ಹೇಳಲಿ ನಾನು?"

"ತಪ್ಪಾಯ್ತು ಕಣಕ್ಕ." ಅವರು ಟವೆಲನ್ನು ಹಿಂಡುತ್ತಾ ನಿಂತರು. "ಎರಡು ಬೇಸಿಗೆ ಆ ಹಾಳು ಫ್ಯಾನ್ ಸದ್ದಿಗೇ ಅವಳಿಗೆ ಎಚ್ಚರ ಆಗ್ತಿದ್ದದ್ದು. ಸರಿಯಾಗಿ ಆ ತಿರುವಿನ ಹತ್ರ ಬರ್ತಾಳೆ, ಇದು ಭರ್ ಅನ್ನುತ್ತೆ. ಅದಕ್ಕೇ ಈ ಸಲ ಸೇತುವೆ ಹತ್ರ ಕಿತ್ತಿಟ್ಟು, ಆಮೇಲೆ ಹಾಕ್ತಿದ್ದೆ. ನೀರು ತುಂಬಿದೆಯಲ್ಲ, ಇಪ್ಪತ್ತು ನಿಮಿಷಕ್ಕೆ ಫ್ಯಾನ್ ಯಾಕೆ ಅಂದ್ಕೊಂಡೆ. ಮನುಷ್ಯರಿಗೆ ಫ್ಯಾನ್ ಇಲ್ದಿದ್ರೆ ಸತ್ತು ಹೋಗ್ತಾರಾ? ಸೆಕೆ ಆಗುತ್ತೆ, ಅಷ್ಟೇ ತಾನೇ?"

ಬೈಯುವುದು ಬಿಟ್ಟು ನನಗೆ ನಗು ಬಂದುಬಿಟ್ಟಿತು. "ಓಡುವಾಗ ಗಾಳಿ ಬಡಿಯುತ್ತೆ, ನಡೆಯುತ್ತೆ. ನಿಂತಾಗ ಈ ಫ್ಯಾನೇ ಅದರ ಉಸಿರು, ಮಾರಾಯ್ರೇ."

"ಹಂಗಾದ್ರೆ ಏನು ಮಾಡೋದು? ಹಾಕಿದ್ರೆ ಸದ್ದಿಗೆ ಏಳ್ತಾಳೆ. ತೆಗೆದ್ರೆ ಹಬೆಗೆ ಏಳ್ತಾಳೆ." ಅವರು ಟವೆಲನ್ನು ಮತ್ತೆ ಹಿಂಡಿದರು. "ಅವಳಿಗೆ ಹೇಳ್ಬೇಡ ಕಣಕ್ಕ. ಈ ಬೇಸಿಗೆ ಪೂರ್ತಿ ಅವಳನ್ನ ಎಬ್ಬಿಸಿದ್ದು ನಾನೇ ಅಂತ ಗೊತ್ತಾದ್ರೆ ನನಗೆ ಮುಖ ಎತ್ತಕ್ಕಾಗಲ್ಲ."

ಕಾರು ಇಲ್ಲೇ ಇರಲಿ ಅಂತ ಅವರನ್ನು ಕಳಿಸಿ, ಮಧ್ಯಾಹ್ನದ ಊಟ ಮುಗಿಸಿ, ಶೆಡ್ಡಿನ ಹಿಂದಿನ ಕೋಣೆಯಲ್ಲಿ ಸೀಲಿಂಗ್ ಫ್ಯಾನಿನ ಕೆಳಗೆ ಎಂದೂ ಹಗಲು ಮಲಗದವಳು ಚಾಪೆ ಮೇಲೆ ಬೆನ್ನು ಚಾಚಿದೆ. ಅದೊಂದು ಮುದಿ ಫ್ಯಾನು, ಕಟಕಟ ಅನ್ನುತ್ತಲೇ ತಿರುಗುತ್ತದೆ. ಯಾವಾಗ ಕಣ್ಣು ಹತ್ತಿತೋ ಗೊತ್ತಿಲ್ಲ, ಥಟ್ಟನೆ ಎಚ್ಚರವಾಯಿತು. ಯಾರೂ ಕರೆದಿರಲಿಲ್ಲ, ಏನೂ ಬಿದ್ದಿರಲಿಲ್ಲ. ಕರೆಂಟು ಹೋಗಿತ್ತು, ಅಷ್ಟೆ. ಫ್ಯಾನು ನಿಂತದ್ದಕ್ಕೆ ಎಚ್ಚರವಾಗಿತ್ತು.

ಹಾಗೇ ಮೇಲೆ ನೋಡುತ್ತಾ ಮಲಗಿದ್ದೆ. ನಿಧಾನಕ್ಕೆ ತಲೆಗೆ ಹೊಳೆಯಿತು. ಇಷ್ಟು ಕಟಕಟ ಅನ್ನುವಾಗ ನಿದ್ದೆ ಬಂದಿತ್ತಲ್ಲ! ಸದ್ದು ಯಾರನ್ನೂ ಎಬ್ಬಿಸುವುದಿಲ್ಲ. ಇಲ್ಲದ ಸದ್ದು ಶುರುವಾದರೆ ಎಚ್ಚರ, ಇದ್ದ ಸದ್ದು ನಿಂತರೆ ಎಚ್ಚರ. ಪುರಸಭೆಯ ಬೋರ್ಡು ಹೇಳುತ್ತಿದ್ದದ್ದೂ ಅದನ್ನೇ. ನಾನು ಇಷ್ಟು ವರ್ಷ ಅದರ ಕೆಳಗೆ ಓಡಾಡಿದ್ದೆ.

ಎದ್ದು ಕೆಲಸಕ್ಕೆ ಕೂತೆ. ಫ್ಯಾನಿನ ಒಂದು ರೆಕ್ಕೆ ಕೊಂಚ ಬಾಗಿತ್ತು, ಅದನ್ನು ತಿದ್ದಿದೆ. ಬೋಲ್ಟುಗಳ ಕೆಳಗೆ ಹಳೇ ಟ್ಯೂಬಿನ ರಬ್ಬರು ಕೊಟ್ಟೆ. ಬಿಸಿಯಾದಾಗ ಮಾತ್ರ ಫ್ಯಾನು ಹಚ್ಚುವ ಸ್ವಿಚ್ಚನ್ನು ಬಿಟ್ಟು, ಚಾವಿಯಿಂದಲೇ ಡೈರೆಕ್ಟ್ ಕೊಟ್ಟೆ. ನಡುವೆ, ವೇಗ ಇಳಿಸುವುದಕ್ಕೆ, ಗುಜರಿ ಗಾಡಿಯಿಂದ ಬಿಚ್ಚಿಟ್ಟಿದ್ದ ಸುರುಳಿ ತಂತಿ ಸೇರಿಸಿದೆ. ಈಗ ಎಂಜಿನ್ ಚಾಲೂ ಆದ ಗಳಿಗೆಯಿಂದ ಆರಿಸುವ ತನಕ ಫ್ಯಾನು ಒಂದೇ ಸಮ, ಮೆಲ್ಲಗೆ, ಗುಂಯ್ ಎನ್ನುತ್ತಾ ತಿರುಗುತ್ತಲೇ ಇರುತ್ತದೆ. ಶೆಡ್ಡಿನಲ್ಲಿ ಮುಕ್ಕಾಲು ಗಂಟೆ ಓಡಿಸಿದೆ. ಮುಳ್ಳು ನಡುಗೆರೆಗೆ ಬಂದು ಅಲ್ಲೇ ನಿಂತಿತು. ಪ್ಲಗ್ಗಿನ ಮೇಲೆ ಟೇಪು ಸುತ್ತಿ ಸುತ್ತಿ ಬಿಗಿದೆ, ಆಚಾರ್ರ ಕೈ ಮತ್ತೆ ಅಲ್ಲಿಗೆ ಹೋಗದ ಹಾಗೆ.

ಮರುದಿನ ಎರಡೂವರೆಗೆ ಆಕಾಶ ಕಪ್ಪಿಟ್ಟಿತ್ತು. ಗುಡ್ಡದಾಚೆ ಗುಡುಗು ಉರುಳುತ್ತಿತ್ತು. ಇವತ್ತು ತಪ್ಪಿದರೆ ಇಲ್ಲ ಅಂತ ಮೂವರಿಗೂ ಗೊತ್ತಿತ್ತು. ಆಚಾರ್ರು ಇಸ್ತ್ರಿ ಮಾಡಿದ ಶರ್ಟು ಹಾಕಿ ಬಂದಿದ್ದರು. ಅಷ್ಟೇ ಅಲ್ಲ, ಹಿಂದಿನ ದಿನದವರೆಗೆ ಬೂದಿಯಂತಿದ್ದ ತಲೆಗೂದಲು ಕರ್ರಗೆ ಮಿಂಚುತ್ತಿತ್ತು! ಕನ್ನಡಿ ಸರಿಯಾಗಿ ನೋಡಿರಲಿಲ್ಲವೋ, ಗಡಿಬಿಡಿಯೋ, ಎಡಗಿವಿಯ ಮೇಲ್ಭಾಗಕ್ಕೆಲ್ಲ ಕಪ್ಪು ಬಣ್ಣ ಮೆತ್ತಿಕೊಂಡಿತ್ತು. ನಾನು ಏನೋ ಹೇಳಲು ಹೋದೆ. ಅವರು ನಾಚಿ ತುಟಿಯ ಮೇಲೆ ಬೆರಳಿಟ್ಟರು. ಸೆರಗನ್ನು ಬಾಯಿಗೊತ್ತಿಕೊಂಡು ನಾನು ಮುಂದಿನ ಸೀಟಿನಲ್ಲಿ ಕೂತೆ.

ಸೇತುವೆಯ ಹತ್ತಿರ ಆಚಾರ್ರ ಕಾಲು ತಾನಾಗೇ ಬ್ರೇಕಿನ ಮೇಲೆ ಹೋಯಿತು. "ನಡೀರಿ" ಅಂದೆ.

ಬೀದಿಯಲ್ಲಿ ಅವತ್ತು ಎಂದಿಲ್ಲದ ಗಾಡಿಗಳು. ಕೊನೆಯ ಜೊಂಪು ಇರಬಹುದೆಂದು ಊರೇ ಬಂದಿತ್ತು. ನಾವು ಗಡಿಯಾರ ಕಂಬಕ್ಕೆ ಹತ್ತು ಮಾರು ದೂರದಲ್ಲಿ ನಿಂತೆವು. ಕಾಗೆಗಳು ಸುಮ್ಮನಾದವು. ಪೊಲೀಸಿನವನ ಕೈ ಮೇಲೆ ನಿಂತಿತು. ಫ್ಯಾನು ಗುಂಯ್ ಎನ್ನುತ್ತಿತ್ತು, ಅದನ್ನು ಕೇಳುತ್ತಾ ಕೇಳುತ್ತಾ ನನಗೆ ಅದು ಕೇಳದೇ ಹೋಯಿತು. ಮತ್ತೆ ಅದೇ ಓಣಿ, ಅದೇ ಮರದ ಸಿಪ್ಪೆಯ ಮೆತ್ತೆ, ಜಗುಲಿಯ ಮೇಲಿನ ಗುಂಗುರು ಕೂದಲಿನವನು. ಈ ಸಲ ನಾನು ಅಲ್ಲಿ ನಿಲ್ಲಲಿಲ್ಲ. ಮುಂದೆ ನೀಲಿ ಸೀರೆಯ ಹೆಂಗಸೊಬ್ಬಳು ನಡೆಯುತ್ತಿದ್ದಳು, ಅವಸರವಿಲ್ಲದೆ. ಒಂದು ಮನೆಯ ಮುಂದೆ ಬಂದು, ಸ್ವಲ್ಪ ಹೊತ್ತು ನಿಂತು, ಗೋಡೆ ಸವರಿ, ಅವಳು ತಿರುವಿನಲ್ಲಿ ಮರೆಯಾದಳು. ಅದು ಅವಳ ಓಣಿ, ಹಿಂಬಾಲಿಸುವುದು ಬೇಡವೆನಿಸಿ ನಾನು ಅಲ್ಲೇ ಒಂದು ಕಟ್ಟೆಯ ಮೇಲೆ ಕೂತೆ.

ಕಣ್ಣು ಬಿಟ್ಟಾಗ ಮುಳ್ಳು ನಡುಗೆರೆಯ ಮೇಲಿತ್ತು. ಇಪ್ಪತ್ತೊಂದು ನಿಮಿಷ ಕಳೆದಿತ್ತು. ನಮ್ಮ ಮುಂದೆ ನಿಂತಿದ್ದ ಲಾರಿ ಹೊರಟು ಹೋಗಿತ್ತು. ಪೊಲೀಸಿನವನು ಕೈ ಇಳಿಸಿ ನಮ್ಮನ್ನೇ ನೋಡುತ್ತಿದ್ದ. ಆಚಾರ್ರು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು, ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತಾ ಕೂತಿದ್ದರು. ಕಾಳಮ್ಮ ಇನ್ನೂ ನಿದ್ದೆಯಲ್ಲಿದ್ದರು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಎಡಕ್ಕೂ ಬಲಕ್ಕೂ ಓಡಾಡುತ್ತಿದ್ದವು. ನಮ್ಮ ಹಿಂದೆ ಬಸ್ಸುಗಳ, ಆಟೋಗಳ ಸಾಲು ಸೇತುವೆಯವರೆಗೂ ನಿಂತಿತ್ತು. ಒಬ್ಬನೇ ಒಬ್ಬ ಹಾರ್ನ್ ಮಾಡಲಿಲ್ಲ, ಒಬ್ಬನೂ ಎಂಜಿನ್ ಆರಿಸಲಿಲ್ಲ. ಇಡೀ ಬೀದಿ ಒಬ್ಬ ಹೆಂಗಸು ಏಳಲೆಂದು ಕಾಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಬರಲಿ ಅಂತ ಬಿಟ್ಟೆ.

ಕಾಳಮ್ಮ ನಿಧಾನಕ್ಕೆ ಎಚ್ಚರಾದರು. ಕಣ್ಣು ಬಿಟ್ಟರು, ಆ ಕಣ್ಣು ಎಂದಿನಂತೆ ಎಲ್ಲೋ ದೂರಕ್ಕೆ ಹೋಗಿ ನಿಂತಿತು. ಗಾಜಿನ ಮೇಲೆ ಮೊದಲ ಮಳೆಹನಿ ಬಿದ್ದು ಒಡೆಯಿತು.

"ರೀ" ಅಂದರು ಕಾಳಮ್ಮ. ದನಿಯಲ್ಲಿ ಕೋಪವಿತ್ತೋ ನಗುವಿತ್ತೋ. "ಈ ವಯಸ್ಸಲ್ಲಿ ಇದೇನ್ರೀ ನಿಮ್ಮ ವೇಷ? ಕಿವಿಗೆಲ್ಲ ಬಣ್ಣ ಮೆತ್ಕೊಂಡಿದೀರಲ್ಲ!"

ಆಚಾರ್ರು ಗಾಬರಿಯಾಗಿ ಬಲಗಿವಿ ಮುಟ್ಟಿ ನೋಡಿಕೊಂಡು, "ಈ ಬಲಗಿವಿಗಾ?" ಅಂದರು.

"ಅದಲ್ಲ" ಎನ್ನುತ್ತಾ ಕಾಳಮ್ಮ ಮುಂದಕ್ಕೆ ಬಾಗಿ, ಸೆರಗಿನ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು, ಎಲ್ಲೂ ತಡಕಾಡದೆ, ಅವರ ಎಡಗಿವಿಯನ್ನು ಒರೆಸತೊಡಗಿದರು.